ಗರಿಯಿಂದ ಗೂಡು ಕ್ಯಾಡಿಸ್ ಫ್ಲೈ ಕಟ್ಟುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಫ್ಲೈ ಎಂದರೆ ಮೀನನ್ನು ಮರುಳುಮಾಡಲು ಗಾಳಕ್ಕೆ ಗರಿ, ದಾರ ಸುತ್ತಿ ಮಾಡುವ ನಕಲಿ ಹುಳು. ಗೂಡು ಕ್ಯಾಡಿಸ್ ಎಂಬ ಫ್ಲೈ, ತೊರೆಯ ತಳದಲ್ಲಿ ಗೂಡಿನೊಳಗೆ ಬದುಕುವ ಕ್ಯಾಡಿಸ್ ಕೀಟದ ಮರಿಹುಳುವಿನ ನಕಲು. ಇದನ್ನು ಕಟ್ಟಲು ಹೊರಟವರ ಕೈಯಿಂದ ಪದೇ ಪದೇ ಹೊರಬರುವುದು ಬಾಟಲಿ ತೊಳೆಯುವ ಕುಂಚದಂಥ ಒಂದು ವಸ್ತು. ಗರಿಯ ಎಳೆಗಳು ನಾಲ್ಕೂ ದಿಕ್ಕಿಗೆ ಚಾಚಿಕೊಂಡಿರುತ್ತವೆ, ನಡುನಡುವೆ ಗಾಳದ ದಂಡ, ಅಂದರೆ ಅದರ ನೇರ ಕಡ್ಡಿ, ಇಣುಕುತ್ತದೆ. ನೀರಿಗೆ ಬಿಟ್ಟರೆ ತಳಕ್ಕಿಳಿಯುವ ಬದಲು ತೇಲುತ್ತದೆ. ಎರಡು ಮೀನು ಕಚ್ಚುವಷ್ಟರಲ್ಲಿ ಸುತ್ತು ಬಿಚ್ಚಿ ಜೋತು ಬೀಳುತ್ತದೆ. ಕಟ್ಟಿದವರು ತಮ್ಮ ಕೈಚಳಕ ಸಾಲದೆಂದುಕೊಂಡು ಇದನ್ನು ಬಿಟ್ಟೇ ಬಿಡುತ್ತಾರೆ. ನಾನು ಹಲವರ ಪಕ್ಕದಲ್ಲಿ ಕೂತು ನೋಡಿದ್ದೇನೆ, ಕೈಯಲ್ಲಿ ಕೊರತೆ ಇರುವುದಿಲ್ಲ. ಗರಿಯ ಆಯ್ಕೆ ತಪ್ಪಿರುತ್ತದೆ, ಇಲ್ಲವೇ ಕತ್ತರಿ ಹಿಡಿಯುವ ಹೊತ್ತು ತಪ್ಪಿರುತ್ತದೆ. ಈ ಎರಡನ್ನು ಸರಿಪಡಿಸಿಕೊಂಡರೆ ಉಳಿದದ್ದು ಸುತ್ತುವ ಕೆಲಸವಷ್ಟೆ.

ವಿಧಾನ ಇಷ್ಟು: ಗಾಳದ ದಂಡಕ್ಕೆ ಮೊದಲು ತೂಕ, ಅದರ ಮೇಲೆ ಒಳಮೈ, ಅದರ ಮೇಲೆ ಒತ್ತೊತ್ತಾಗಿ ಕೋಳಿಗರಿ ಸುತ್ತುತ್ತೇವೆ. ಸುತ್ತಿದ ಗರಿಯನ್ನು ಕತ್ತರಿಯಿಂದ ಗಿಡ್ಡವಾಗಿ ಸವರಿ ಗೂಡಿನ ಆಕಾರ ಕೊಡುತ್ತೇವೆ. ಅದಾದ ಮೇಲೆಯೇ ಹುಳುವಿನ ಕುತ್ತಿಗೆ, ಕಾಲು, ತಲೆ. ಮೊದಲ ಫ್ಲೈಗೆ ಒಂದು ಗಂಟೆ ಎತ್ತಿಟ್ಟುಕೊಳ್ಳಿ. ಇಲ್ಲಿನ ವಿವರಣೆ ಬಲಗೈಯಲ್ಲಿ ಸುತ್ತುವವರಿಗೆ, ಗಾಳದ ಕಣ್ಣು (ಮೀನು ಹಿಡಿಯುವ ದಾರ ಕಟ್ಟುವ ತೂತು) ಬಲಕ್ಕಿರುತ್ತದೆ ಎಂದುಕೊಂಡು ಬರೆದದ್ದು. ಎಡಗೈಯವರು ದಿಕ್ಕು ತಿರುಗಿಸಿಕೊಳ್ಳಬೇಕು.

## ಕಟ್ಟುವ ಮೊದಲು ಹುಳುವನ್ನು ನೋಡಿ

ಕ್ಯಾಡಿಸ್ ಮರಿಹುಳು ತನ್ನ ಬಾಯಿಂದ ಒಸರುವ ರೇಷ್ಮೆಯಿಂದ ಮರಳು, ಕಡ್ಡಿಚೂರು, ಎಲೆತುಂಡುಗಳನ್ನು ಅಂಟಿಸಿ ಮೈಸುತ್ತ ಕೊಳವೆಯಂಥ ಗೂಡು ಕಟ್ಟಿಕೊಳ್ಳುತ್ತದೆ. ತಾನು ಬೆಳೆದಂತೆಲ್ಲ ಗೂಡಿನ ಮುಂಬಾಯಿಗೆ ಹೊಸದನ್ನು ಸೇರಿಸುತ್ತ ಹೋಗುತ್ತದೆ. ಆದ್ದರಿಂದಲೇ ಹಲವು ಜಾತಿಗಳ ಗೂಡು ಹಿಂದೆ ಕಿರಿದಾಗಿ, ತಲೆಯ ಕಡೆ ಅಗಲವಾಗಿರುತ್ತದೆ. ಫ್ಲೈಗೂ ಇದೇ ಆಕಾರ ಬೇಕು. ಗಾಳದ ಬಾಗಿನ ಕಡೆ ಸಪೂರ, ಕಣ್ಣಿನ ಕಡೆ ದಪ್ಪ.

ತೊರೆಯ ತಳದ ಒಂದು ಕಲ್ಲನ್ನು ಮಗುಚಿ, ಅದಕ್ಕೆ ಅಂಟಿರುವ ಗೂಡೊಂದನ್ನು ನೀರು ತುಂಬಿದ ಬಿಳಿ ತಟ್ಟೆಯಲ್ಲಿಟ್ಟು ಅಲುಗಾಡಿಸದೆ ಕಾಯಿರಿ. ಸ್ವಲ್ಪ ಹೊತ್ತಿಗೆ ಗೂಡಿನ ಬಾಯಲ್ಲಿ ಕಪ್ಪು ತಲೆ ಕಾಣಿಸಿಕೊಳ್ಳುತ್ತದೆ. ಹಿಂದೆಯೇ ಆರು ಕಾಲುಗಳು ಹೊರಬಂದು ತಟ್ಟೆಯನ್ನು ಕೆರೆಯತೊಡಗುತ್ತವೆ. ಹುಳು ಮುಂದಕ್ಕೆ ಜಗ್ಗಿದಾಗ ಕಾಲುಗಳ ಹಿಂದೆ ಕೆನೆಬಣ್ಣದ ಅಥವಾ ತಿಳಿಹಸಿರು ಬಣ್ಣದ ಮೆತ್ತನೆಯ ಮೈ ಗೆರೆಯಷ್ಟು ಕಾಣುತ್ತದೆ, ಮತ್ತೆ ಒಳಸೇರುತ್ತದೆ. ಫ್ಲೈಯಲ್ಲಿ ನಾವು ಹಿಡಿಯಬೇಕಾದದ್ದು ಈ ಒಂದು ಗಳಿಗೆಯನ್ನು. ಗೂಡು ಮುಕ್ಕಾಲು ಪಾಲು, ಹುಳು ಕಾಲು ಪಾಲು. ಟ್ರೌಟ್ ಮೀನು ಗೂಡನ್ನು ಬಿಡಿಸಿ ತಿನ್ನುವುದಿಲ್ಲ, ಗೂಡುಸಮೇತ ನುಂಗುತ್ತದೆ. ನೋಡಿಯಾದ ಮೇಲೆ ಹುಳುವನ್ನು ಅದರ ಕಲ್ಲಿನ ಬಳಿಗೇ ಬಿಡಿ.

## ಬೇಕಾಗುವ ಸಾಧನಗಳು

- ಗಾಳವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ವೈಸ್
- ದಾರದ ಉರುಳೆ ಹಿಡಿಯುವ ಬಾಬಿನ್
- ಗರಿಯನ್ನು ಹಿಡಿದು ಸುತ್ತಲು ಚಿಮುಟ
- ಎರಡು ಕತ್ತರಿ
- ಹಿಡಿಯಿರುವ ಸೂಜಿ
- ಕೊನೆಗಂಟು ಹಾಕುವ ಸಾಧನ (ಬೆರಳಿನಿಂದಲೇ ಹಾಕಲು ಬಂದರೆ ಇದು ಬೇಡ)
- ಚಪ್ಪಟೆ ಮೂತಿಯ ಸಣ್ಣ ಇಕ್ಕಳ

ಕತ್ತರಿ ಎರಡು ಬೇಕೇ ಬೇಕು. ತಾಮ್ರದ ತಂತಿ ಕತ್ತರಿಸಿದ ಕತ್ತರಿ ಗರಿಯನ್ನು ಕತ್ತರಿಸದೆ ಅಗಿಯುತ್ತದೆ. ಗೂಡು ಸವರುವ ಕತ್ತರಿ ಚೂಪಾದ ಮೊನೆಯದಾಗಿರಲಿ, ತುಸು ಬಾಗಿದ ಅಲಗಿದ್ದರೆ ಇನ್ನೂ ಅನುಕೂಲ. ಅದನ್ನು ಗರಿ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಿಸಬೇಡಿ.

## ಬೇಕಾಗುವ ಸಾಮಗ್ರಿ

- ಗಾಳ: 10 ಅಥವಾ 12ನೇ ನಂಬರಿನ ನಿಂಫ್ ಗಾಳ (ನೀರಿನೊಳಗಿನ ಮರಿಹುಳುವಿನ ಫ್ಲೈಗೆ ಬಳಸುವಂಥದ್ದು), 2ಎಕ್ಸ್ ಉದ್ದದ್ದು, ಅಂದರೆ ದಂಡ ಮಾಮೂಲಿಗಿಂತ ಉದ್ದವಿರುವಂಥದ್ದು. ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು. ಕಲಿಯುವಾಗ 10ಕ್ಕಿಂತ ಚಿಕ್ಕದು ಬೇಡ.
- ದಾರ: ಕಪ್ಪು ಅಥವಾ ಕಡುಕಂದು, 8/0 ಅಥವಾ 70 ಡೆನಿಯರ್ (ಎರಡೂ ದಾರದ ದಪ್ಪದ ಅಳತೆ).
- ತೂಕ: 10ನೇ ನಂಬರಿಗೆ ಸುಮಾರು 0.5 ಮಿಲಿಮೀಟರ್, 12ಕ್ಕೆ ಸುಮಾರು 0.4 ಮಿಲಿಮೀಟರ್ ದಪ್ಪದ ಸೀಸರಹಿತ ತಂತಿ.
- ಗೂಡಿಗೆ: ಕಂದು ಬಣ್ಣದ ಎರಡು ಕೋಳಿಗರಿ, ಕಪ್ಪು-ಬಿಳಿ ಪಟ್ಟೆಯ ಒಂದು ಕೋಳಿಗರಿ.
- ಬಿಗಿತಕ್ಕೆ: ಕೂದಲೆಳೆಯಂಥ ತಾಮ್ರದ ತಂತಿ.
- ಕುತ್ತಿಗೆಗೆ: ಹೆಬ್ಬಾತು ಅಥವಾ ಟರ್ಕಿ ಕೋಳಿಯ ಬಿಳಿ ಇಲ್ಲವೇ ಕೆನೆಬಣ್ಣದ ರೆಕ್ಕೆಗರಿಯ ಮೂರು ನಾಲ್ಕು ಎಳೆ.
- ಕಾಲಿಗೆ: ಕೌಜುಗದ ಬೆನ್ನಿನ ಕಂದುಚುಕ್ಕೆಯ ಗರಿ. ಅದಿಲ್ಲದಿದ್ದರೆ ಹೇಂಟೆಯ ಮೆತ್ತನೆಯ ಕಂದು ಗರಿ.
- ತಲೆಗೆ: ನವಿಲುಗರಿಯ ಎರಡು ಎಳೆ, ಅಥವಾ ಕಪ್ಪು ಬಣ್ಣ ಹಾಕಿದ ಉಷ್ಟ್ರಪಕ್ಷಿಯ ಗರಿಯ ಒಂದು ಎಳೆ.
- ತೆಳು ವಾರ್ನಿಷ್.

ಸೀಸದ ತಂತಿಯೇ ಕೈಯಲ್ಲಿದ್ದರೆ, ಮುಟ್ಟಿದ ಮೇಲೆ ಕೈ ತೊಳೆಯದೆ ಬಾಯಿಗೆ ಏನನ್ನೂ ಹಾಕಬೇಡಿ. ದಾರವನ್ನು ತುಟಿಯಿಂದ ಒದ್ದೆ ಮಾಡುವ ಅಭ್ಯಾಸ ಹಲವರಿಗಿದೆ, ಅದನ್ನಂತೂ ಬಿಡಬೇಕು. ಕಾಡುಹಕ್ಕಿಯ ಗರಿ ದಾರಿಯಲ್ಲಿ ಬಿದ್ದು ಸಿಕ್ಕರೂ ಎತ್ತಿಟ್ಟುಕೊಳ್ಳುವುದಕ್ಕೆ ಎಷ್ಟೋ ಕಡೆ ಕಾನೂನಿನ ತಡೆಯಿದೆ. ನಿಮ್ಮಲ್ಲಿನ ನಿಯಮ ತಿಳಿದುಕೊಂಡೇ ಮುಂದುವರಿಯಿರಿ.

## ಗರಿಯ ಆಯ್ಕೆ: ಸೋಲು ಶುರುವಾಗುವುದೇ ಇಲ್ಲಿ

ನೀರಿನ ಮೇಲೆ ತೇಲುವ ಫ್ಲೈ ಕಟ್ಟುವವರು ಹುಂಜದ ಕುತ್ತಿಗೆಯ ಹೊಳೆಯುವ, ಬಿರುಸಾದ ಗರಿ ಹುಡುಕುತ್ತಾರೆ. ಅಂಗಡಿಯಲ್ಲಿ ದುಬಾರಿಯಾಗಿ ಸಿಗುವುದೂ ಅದೇ. ಹೆಚ್ಚು ಬೆಲೆಯದ್ದು ಹೆಚ್ಚು ಒಳ್ಳೆಯದಿರಬೇಕು ಎಂದುಕೊಂಡು ಅದನ್ನೇ ತಂದು ಗೂಡಿಗೆ ಸುತ್ತಿದರೆ ಅಲ್ಲಿಗೆ ಮುಗಿಯಿತು. ಆ ಗರಿಯನ್ನು ತಲೆತಲಾಂತರದಿಂದ ಆರಿಸಿ ಬೆಳೆಸಿರುವುದೇ ನೀರು ಹೀರದಂತೆ, ಎಳೆಗಳು ಸೆಟೆದು ನಿಲ್ಲುವಂತೆ. ಗೂಡಿಗೆ ಬೇಕಾದ ಗುಣ ಇದಕ್ಕೆ ತೀರಾ ಎದುರು. ನೀರು ಹೀರಬೇಕು, ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳಬೇಕು.

ಹೇಂಟೆಯ ಬೆನ್ನಿನ ಗರಿ, ಅಥವಾ ಸಾಧಾರಣ ಹುಂಜದ ಬೆನ್ನಿನ ಅಗಲ ಗರಿ ಇದಕ್ಕೆ ಹೇಳಿ ಮಾಡಿಸಿದ್ದು. ಒಂದನ್ನು ಬೆಳಕಿಗೆ ಹಿಡಿದು ನೋಡಿ. ದಂಡಿನ ಎರಡೂ ಪಕ್ಕದಲ್ಲಿ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಮಬ್ಬಾದ ಪಟ್ಟೆಯಂತೆ ಕಾಣುವ ಜಾಗವಿರುತ್ತದೆ. ಅಂಚಿನಲ್ಲಿ ಮಾತ್ರ ಎಳೆಗಳು ಬಿಡಿಬಿಡಿಯಾಗಿ ಹೊಳೆಯುತ್ತವೆ. ಈ ಮಬ್ಬು ಪಟ್ಟೆಯಲ್ಲಿ ಎಳೆಯ ಮೇಲೆ ಇನ್ನೂ ಸಣ್ಣ ಎಳೆಗಳು ಕೊಕ್ಕೆಯಂತೆ ಸಿಕ್ಕಿಕೊಂಡಿರುತ್ತವೆ. ಮಬ್ಬು ಅರ್ಧಕ್ಕಿಂತ ಹೆಚ್ಚಿರುವ ಗರಿಯನ್ನು ಎತ್ತಿಕೊಳ್ಳಿ. ಅಂಚಿನ ಹೊಳಪು ಹೇಗಿದ್ದರೂ ಕತ್ತರಿಗೆ ಹೋಗುವಂಥದ್ದು, ಉಳಿಯುವುದು ದಂಡಿನ ಪಕ್ಕದ ಮಬ್ಬು ಮಾತ್ರ.

ಇನ್ನೊಂದು ಪರೀಕ್ಷೆ ದಂಡಿನದ್ದು. ಗರಿಯ ದಂಡನ್ನು ಬೆಂಕಿಕಡ್ಡಿಯ ಸುತ್ತ ಎರಡು ಸಲ ಸುತ್ತಿ. ಸರಾಗವಾಗಿ ಬಾಗಿದರೆ ಸರಿ. ಚಟಕ್ಕೆಂದು ಸೀಳಿದರೆ, ಇಲ್ಲವೇ ಸುತ್ತುವಾಗ ಹೊರಳಿ ಹೊರಳಿ ಮಗುಚಿಕೊಂಡರೆ ಆ ಗರಿ ಬೇಡ. ಬಹಳ ಒಣಗಿದ ಗರಿಯಾದರೆ ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಡಿ, ದಂಡು ಮೆತ್ತಗಾಗುತ್ತದೆ.

ಬಣ್ಣದ ವಿಷಯ. ಒಂದೇ ಬಣ್ಣದ ಗರಿ ಸುತ್ತಿ ಸವರಿದರೆ ಗೂಡು ಬಣ್ಣದ ಪೆನ್ಸಿಲಿನಂತೆ ನುಣ್ಣಗೆ ಕಾಣುತ್ತದೆ. ಕಂದಿನ ನಡುವೆ ಪಟ್ಟೆಗರಿ ಬೆರೆಸಿದಾಗ, ಕತ್ತರಿಸಿದ ಪ್ರತಿ ಎಳೆಯ ತುದಿಯೂ ಒಂದೊಂದು ಚುಕ್ಕಿಯಾಗಿ, ದೂರದಿಂದ ಮರಳಿನ ಕಣ ಅಂಟಿಸಿದಂತೆ ಕಾಣುತ್ತದೆ. ಇದನ್ನು ಬಣ್ಣ ಬಳಿದು ತರಲು ಆಗುವುದಿಲ್ಲ.

## ಹಂತ 1: ಗರಿ ಸಿದ್ಧ ಮಾಡುವುದು

ಗಾಳ ಮುಟ್ಟುವ ಮೊದಲೇ ಮೂರೂ ಗರಿಗಳನ್ನು ಸಿದ್ಧಮಾಡಿ ಸಾಲಾಗಿ ಇಟ್ಟುಕೊಳ್ಳಿ. ಬುಡದ ತುಪ್ಪುಳವನ್ನು ಕಿತ್ತು ತೆಗೆಯಿರಿ. ಆ ತುಪ್ಪುಳ ಎಸೆಯಬೇಡಿ, ಒಳಮೈಗೆ ಬೇಕು. ನಂತರ ತುದಿಯನ್ನು ಹಿಡಿದು, ತುದಿಯ ಸ್ವಲ್ಪ ಕೆಳಗಿನಿಂದ ಎಳೆಗಳನ್ನೆಲ್ಲ ಬುಡದತ್ತ ಹಿಂದಕ್ಕೆ ಬೆರಳಿನಿಂದ ನೀವಿ. ತುದಿ ಒಂದು ಪುಟ್ಟ ತ್ರಿಕೋನದಂತೆ ಬೇರೆಯಾಗಿ ಉಳಿಯುತ್ತದೆ. ದಾರದಲ್ಲಿ ಕಟ್ಟುವುದು ಈ ತ್ರಿಕೋನವನ್ನು.

ಗರಿಯನ್ನು ಬುಡದಿಂದಲ್ಲ, ತುದಿಯಿಂದ ಕಟ್ಟಬೇಕು. ತುದಿಯ ಬಳಿ ದಂಡು ತೆಳು, ಎಳೆ ಗಿಡ್ಡ. ಬುಡಕ್ಕೆ ಹೋದಂತೆ ದಂಡು ದಪ್ಪ, ಮಬ್ಬು ಹೆಚ್ಚು. ತುದಿಯಿಂದ ಶುರುಮಾಡಿದರೆ ಹಿಂದೆ ಸಪೂರ, ಮುಂದೆ ದಪ್ಪ ಎಂಬ ಗೂಡಿನ ಆಕಾರ ಅರ್ಧದಷ್ಟು ತಾನಾಗಿಯೇ ಬರುತ್ತದೆ. ಬುಡದಿಂದ ಕಟ್ಟಿದವರು ಇದೇ ಆಕಾರಕ್ಕಾಗಿ ಕತ್ತರಿಯೊಂದಿಗೆ ಗುದ್ದಾಡಬೇಕಾಗುತ್ತದೆ.

## ಹಂತ 2: ಗಾಳ ಹಿಡಿಸುವುದು, ಅಳತೆ ಗುರುತಿಸುವುದು

ಗಾಳದ ಮೊನೆಯ ಹಿಂದಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡುವ ಉದ್ದೇಶವಿದ್ದರೆ ಈಗಲೇ ಮಾಡಿ. ಅದುಮುವಾಗ ಒಮ್ಮೊಮ್ಮೆ ಮೊನೆಯೇ ಮುರಿಯುತ್ತದೆ. ಈಗ ಮುರಿದರೆ ಗಾಳ ಒಂದು ಹೋದೀತು, ಕಟ್ಟಿ ಮುಗಿಸಿದ ಮೇಲೆ ಮುರಿದರೆ ಒಂದು ಗಂಟೆಯ ಕೆಲಸ ಹೋಗುತ್ತದೆ.

ಗಾಳವನ್ನು ಬಾಗಿನಲ್ಲಿ ಹಿಡಿಸಿ, ದಂಡ ನೆಲಕ್ಕೆ ಸಮಾನಾಂತರವಾಗಿರಲಿ. ಕಣ್ಣಿನ ಮೇಲೆ ಬೆರಳಿಟ್ಟು ಒತ್ತಿ ನೋಡಿ. ಗಾಳ ಜಾರಿದರೆ ವೈಸ್ ಬಿಗಿ ಸಾಲದು. ಈಗ ದಂಡವನ್ನು ಕಣ್ಣಿನಿಂದ ಬಾಗಿನವರೆಗೆ ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿ. ಹಿಂದಿನ ಮೂರು ಪಾಲು ಗೂಡಿಗೆ, ಮುಂದಿನ ಒಂದು ಪಾಲು ಹುಳುವಿಗೆ. ಆ ಗಡಿಯಲ್ಲಿ ದಾರದ ನಾಲ್ಕೈದು ಸುತ್ತು ಹಾಕಿ ಗುರುತು ಮಾಡಿಬಿಡಿ. ಕಣ್ಣಂದಾಜಿನಲ್ಲಿ ನಿಭಾಯಿಸುತ್ತೇನೆ ಎನ್ನುವವರ ಗೂಡು ಸುತ್ತುಸುತ್ತಿಗೂ ಮುಂದೆ ಸರಿದು, ಕೊನೆಗೆ ತಲೆಗೆ ಜಾಗವೇ ಇಲ್ಲದಂತಾಗುವುದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಈ ದಾರದ ಗುರುತು ಗಡಿಕಲ್ಲು ಇದ್ದಂತೆ, ದಾಟಬಾರದು.

## ಹಂತ 3: ತೂಕದ ತಂತಿ

ತಂತಿಯನ್ನು ಗುರುತಿನ ಹಿಂದಿನಿಂದ ಶುರುಮಾಡಿ ಬಾಗಿನ ಕಡೆಗೆ, ಒಂದಕ್ಕೊಂದು ತಾಗುವಂತೆ ಹತ್ತರಿಂದ ಹನ್ನೆರಡು ಸುತ್ತು ಸುತ್ತಿ. ಬಾಗಿನವರೆಗೂ ಹೋಗಬೇಡಿ, ಹಿಂದೆ ಸ್ವಲ್ಪ ಬರಿ ದಂಡ ಉಳಿಯಲಿ. ಗೂಡಿನ ಹಿಂಭಾಗ ಸಪೂರವಾಗುವುದು ಆ ಬರಿ ಜಾಗದಿಂದ. ತಂತಿಯ ಎರಡೂ ತುದಿಗಳನ್ನು ಉಗುರಿನಿಂದ ದಂಡಕ್ಕೆ ಒತ್ತಿ. ಎರಡೂ ಕಡೆ ದಾರದಿಂದ ಇಳಿಜಾರು ಕಟ್ಟಿ, ತಂತಿಯ ಮೇಲೆ ದಾರವನ್ನು ಅಡ್ಡಾದಿಡ್ಡಿಯಾಗಿ ನಾಲ್ಕು ಸಲ ಹಿಂದೆ ಮುಂದೆ ಓಡಿಸಿ, ಮೇಲೆ ವಾರ್ನಿಷ್ ತೆಳುವಾಗಿ ಸವರಿ.

ಇಲ್ಲಿ ಒಂದು ಪರೀಕ್ಷೆ. ವಾರ್ನಿಷ್ ಆರಿದ ಮೇಲೆ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿ ನೋಡಿ. ತಿರುಗಿದರೆ ಇನ್ನಷ್ಟು ದಾರ ಬೇಕು. ಈಗ ತಿರುಗುವ ತಂತಿ ನಾಳೆ ನೀರಿನಲ್ಲಿ ಇಡೀ ಗೂಡನ್ನು ತಿರುಗಿಸುತ್ತದೆ.

## ಹಂತ 4: ಗರಿ ಮತ್ತು ತಾಮ್ರದ ತಂತಿ ಕಟ್ಟುವುದು

ದಾರವನ್ನು ಬಾಗು ಶುರುವಾಗುವ ಜಾಗಕ್ಕೆ ಒಯ್ಯಿರಿ. ಮೊದಲು ತಾಮ್ರದ ತಂತಿಯನ್ನು ದಂಡದ ಕೆಳಗೆ ಕಟ್ಟಿ, ಹಿಂದಕ್ಕೆ ಇಳಿಬಿಡಿ. ಆಮೇಲೆ ಗರಿಗಳ ತುದಿಯನ್ನು ಒಂದರ ಮೇಲೊಂದು, ಪ್ರತಿಯೊಂದಕ್ಕೂ ಐದಾರು ಬಿಗಿ ಸುತ್ತು ಹಾಕಿ ಕಟ್ಟಿ. ಮೂರನ್ನೂ ಒಟ್ಟಿಗೆ ಹಿಡಿದು ಕಟ್ಟಿದರೆ ನಡುವಿನದ್ದು ಜಾರಿ ಬರುತ್ತದೆ. ಕಟ್ಟಿಯಾದ ಮೇಲೆ ಒಂದೊಂದು ಗರಿಯನ್ನೂ ಮೆಲ್ಲಗೆ ಜಗ್ಗಿ ನೋಡಿ. ಈಗ ಜಾರುವುದು ಸುತ್ತುವಾಗ ಖಂಡಿತ ಜಾರುತ್ತದೆ.

## ಹಂತ 5: ಒಳಮೈ

ಎತ್ತಿಟ್ಟ ತುಪ್ಪುಳ ಈಗ ಬೇಕು. ಚಿಟಿಕೆಯಷ್ಟು ತೆಗೆದುಕೊಂಡು, ದಾರಕ್ಕೆ ತಾಗಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದೇ ದಿಕ್ಕಿಗೆ ಹೊಸೆಯಿರಿ, ಬತ್ತಿ ಹೊಸೆದಂತೆ. ತುಪ್ಪುಳ ದಾರದ ಸುತ್ತ ಸಡಿಲ ನೂಲಾಗಿ ಹಿಡಿದುಕೊಳ್ಳುತ್ತದೆ. ಇದನ್ನು ಹಿಂದಿನಿಂದ ಗುರುತಿನವರೆಗೆ ಸುತ್ತುತ್ತ ಹೋಗಿ. ಹಿಂದೆ ತೆಳುವಾಗಿ, ಮುಂದೆ ಬಂದಂತೆ ಇನ್ನೊಂದು ಪದರ ಸೇರಿಸಿ ದಪ್ಪವಾಗಿ. ದಾರ ಕೊನೆಗೆ ಗುರುತಿನ ಬಳಿ ನಿಲ್ಲಲಿ.

ಒಳಮೈ ನುಣ್ಣಗಿರಬಾರದು. ನುಣ್ಣನೆಯ ಮೈಮೇಲೆ ಗರಿಯ ದಂಡು ಜಾರುತ್ತದೆ, ಒರಟು ಮೈಯಲ್ಲಿ ಕೂತುಕೊಳ್ಳುತ್ತದೆ. ಜೊತೆಗೆ ತುಪ್ಪುಳ ನೀರು ಹೀರಿಕೊಂಡು ಫ್ಲೈಯ ತೂಕ ಹೆಚ್ಚಿಸುತ್ತದೆ. ಆದರೆ ತುಪ್ಪುಳ ಅತಿಯಾದರೆ ಗೂಡು ಗುಂಡಗೆ ಉಬ್ಬುತ್ತದೆ. ಈ ಹಂತದಲ್ಲಿ ಮೈ ಕೊನೆಯ ಗೂಡಿನ ಅರ್ಧ ದಪ್ಪವಿದ್ದರೆ ಸಾಕು, ಉಳಿದರ್ಧವನ್ನು ಗರಿ ತುಂಬುತ್ತದೆ.

## ಹಂತ 6: ಗರಿ ಸುತ್ತುವುದು

ಮೂರನ್ನೂ ಒಟ್ಟಿಗೆ ಹಿಡಿದು ಸುತ್ತುವವರಿದ್ದಾರೆ, ಬೇಗ ಮುಗಿಯುತ್ತದೆ. ನಾನು ಅದನ್ನು ಕಲಿಯುವವರಿಗೆ ಹೇಳಿಕೊಡುವುದಿಲ್ಲ. ಮೂರು ದಂಡುಗಳಲ್ಲಿ ಒಂದಾದರೂ ಉಳಿದವಕ್ಕಿಂತ ಸಡಿಲವಾಗಿ, ಮೀನಿನ ಮೊದಲ ಕಚ್ಚಿಗೇ ಕುಣಿಕೆಯಂತೆ ಎದ್ದು ಬರುತ್ತದೆ. ಒಂದಾದ ಮೇಲೊಂದು ಸುತ್ತಿ.

ಮೊದಲ ಕಂದು ಗರಿಯ ಬುಡವನ್ನು ಚಿಮುಟದಲ್ಲಿ ಹಿಡಿದು, ಮೇಲಿನಿಂದ ನಿಮ್ಮಾಚೆಗೆ ಸುತ್ತಿ. ಪ್ರತಿ ಸುತ್ತಿನ ದಂಡು ಹಿಂದಿನ ಸುತ್ತಿನ ದಂಡನ್ನು ಮುಟ್ಟುತ್ತಿರಬೇಕು. ನಾಲ್ಕು ಸುತ್ತಿಗೊಮ್ಮೆ ನಿಲ್ಲಿಸಿ, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ಉಗುರನ್ನು ದಂಡಕ್ಕೆ ತಾಗಿಸಿ ಸುತ್ತುಗಳನ್ನು ಹಿಂದಕ್ಕೆ ತಳ್ಳಿ. ತಳ್ಳಿದಾಗ ಮುಂದೆ ಬರಿ ಜಾಗ ತೆರೆದುಕೊಳ್ಳುತ್ತದೆ, ಅಲ್ಲಿಂದ ಮತ್ತೆ ಸುತ್ತಿ. ಒಂದು ಗರಿ ಗುರುತಿನವರೆಗೆ ಮುಟ್ಟದಿದ್ದರೆ ಚಿಂತೆಯಿಲ್ಲ, ಎಲ್ಲಿ ಮುಗಿಯಿತೋ ಅಲ್ಲಿಗೇ ದಾರ ತಂದು ಕಟ್ಟಿ, ಇನ್ನೊಂದು ಗರಿ ಸೇರಿಸಿ. ಗರಿ ಉಳಿಸಲೆಂದು ಸುತ್ತುಗಳನ್ನು ಅಗಲ ಮಾಡುವುದು ಮಾತ್ರ ಬೇಡ.

ಎರಡನೆಯದು ಪಟ್ಟೆಗರಿ. ಇದನ್ನು ಮೊದಲ ಗರಿಯ ಎಳೆಗಳ ನಡುವೆ ತೂರಿಸಬೇಕು. ನೇರವಾಗಿ ಎಳೆದರೆ ಅದು ಮೊದಲ ಗರಿಯ ಎಳೆಗಳನ್ನು ದಂಡಕ್ಕೆ ಒತ್ತಿ ಮಲಗಿಸುತ್ತದೆ. ಸುತ್ತುತ್ತಲೇ ಚಿಮುಟವನ್ನು ಎಡಕ್ಕೂ ಬಲಕ್ಕೂ ಸಣ್ಣಗೆ ಅಲ್ಲಾಡಿಸುತ್ತಿದ್ದರೆ ದಂಡು ಎಳೆಗಳನ್ನು ಸರಿಸಿಕೊಂಡು ಬುಡದವರೆಗೆ ಇಳಿಯುತ್ತದೆ. ಮೂರನೆಯ ಗರಿಯೂ ಹೀಗೆಯೇ. ಕೊನೆಗೆ ತಾಮ್ರದ ತಂತಿ, ಅದನ್ನು ಎದುರು ದಿಕ್ಕಿಗೆ, ಅಂದರೆ ಮೇಲಿನಿಂದ ನಿಮ್ಮತ್ತ, ಆರೇಳು ಸುತ್ತು, ಅದೇ ರೀತಿ ಅಲ್ಲಾಡಿಸುತ್ತ ಸುತ್ತಿ. ಒಂದೇ ದಿಕ್ಕಿಗೆ ಸುತ್ತಿದರೆ ತಂತಿ ಗರಿಯ ದಂಡುಗಳ ನಡುವಿನ ಸಂದಿಗೆ ಬಿದ್ದು ಯಾವುದನ್ನೂ ಹಿಡಿಯುವುದಿಲ್ಲ. ಎದುರು ದಿಕ್ಕಿನಲ್ಲಿ ಪ್ರತಿ ದಂಡನ್ನೂ ಅಡ್ಡಲಾಗಿ ದಾಟುತ್ತದೆ. ಮೀನಿನ ಹಲ್ಲಿಗೆ ಗರಿಯ ದಂಡು ಒಂದೆಡೆ ತುಂಡಾದರೂ ಗೂಡು ಉಳಿಯುವುದು ಈ ತಂತಿಯಿಂದ.

ಗುರುತಿನ ಬಳಿ ಎಲ್ಲವನ್ನೂ ಕಟ್ಟಿ, ಹೆಚ್ಚಿನದನ್ನು ಕತ್ತರಿಸಿ. ತಾಮ್ರದ ತಂತಿಯನ್ನು ಕತ್ತರಿಸುವ ಬದಲು ಹಿಂದೆ ಮುಂದೆ ಆಡಿಸಿ ಮುರಿದರೆ ಚೂಪು ತುದಿ ಉಳಿಯುವುದಿಲ್ಲ.

ಈಗ ಫ್ಲೈ ಬಾಟಲಿ ಕುಂಚದಂತೆಯೇ ಕಾಣುತ್ತದೆ, ಮತ್ತು ಹಾಗೆಯೇ ಕಾಣಬೇಕು. ನೋಡಬೇಕಾದದ್ದು ಬುಡವನ್ನು. ಎಳೆಗಳನ್ನು ಸೂಜಿಯಿಂದ ಬಿಡಿಸಿ ಒಳಗೆ ಇಣುಕಿ. ತುಪ್ಪುಳದ ಒಳಮೈ ಎಲ್ಲಾದರೂ ಕಂಡರೆ ಸುತ್ತು ವಿರಳವಾಗಿದೆ ಎಂದೇ ಅರ್ಥ. ಅದನ್ನು ಕತ್ತರಿಯಿಂದ ಸರಿಪಡಿಸಲು ಬರುವುದಿಲ್ಲ. ಸವರಿದ ಮೇಲೆ ಬೋಳು ತೇಪೆಯಾಗಿ ಎದ್ದು ಕಾಣುತ್ತದೆ. ಈಗಲೇ ಬಿಚ್ಚಿ ಮತ್ತೆ ಸುತ್ತಿ.

## ಹಂತ 7: ಸವರುವುದು

ಹೆಚ್ಚಿನವರು ಫ್ಲೈಯನ್ನು ತಲೆಯವರೆಗೆ ಪೂರ್ತಿ ಕಟ್ಟಿ, ಆಮೇಲೆ ಕತ್ತರಿ ಎತ್ತಿಕೊಳ್ಳುತ್ತಾರೆ. ಆಗ ಗೂಡಿನ ಜೊತೆ ಕಾಲುಗಳೂ ಕತ್ತರಿಗೆ ಸಿಗುತ್ತವೆ. ಕಾಲು ಉಳಿಸಲು ಹೋಗಿ ಗೂಡಿನ ಮುಂಭಾಗವನ್ನು ಸವರದೆ ಬಿಡುತ್ತಾರೆ, ಕುಂಚ ಹುಟ್ಟುವುದೇ ಹಾಗೆ. ಸವರುವ ಕೆಲಸ ಇಲ್ಲೇ, ಕಾಲು ತಲೆಗಳಿಗೆ ಮೊದಲೇ ಆಗಬೇಕು.

ಗುರುತಿನ ಬಳಿ ಕೊನೆಗಂಟು ಹಾಕಿ ದಾರವನ್ನು ಕತ್ತರಿಸಿಬಿಡಿ. ಹೌದು, ದಾರವನ್ನು ಪೂರ್ತಿ ತೆಗೆಯಿರಿ. ಜೋತಾಡುವ ಬಾಬಿನ್ ಇಟ್ಟುಕೊಂಡು ಸವರಹೊರಟರೆ ಒಂದಲ್ಲ ಒಂದು ಸಲ ದಾರ ಕತ್ತರಿಗೆ ಸಿಕ್ಕಿ ಇಡೀ ಗೂಡು ಬಿಚ್ಚಿಕೊಳ್ಳುತ್ತದೆ. ಗಾಳವನ್ನು ವೈಸಿನಿಂದ ತೆಗೆದು, ಬಾಗನ್ನು ಇಕ್ಕಳದಲ್ಲಿ ಕಚ್ಚಿಸಿ ಕೈಯಲ್ಲಿ ಹಿಡಿದುಕೊಳ್ಳಿ. ಹೀಗೆ ಹಿಡಿದಾಗ ಸುತ್ತಲೂ ತಿರುಗಿಸಿ ನೋಡಬಹುದು.

ಮೊದಲು ಆವಿ. ಕುದಿಯುವ ನೀರಿನ ಆವಿಗೆ ಇಕ್ಕಳದಲ್ಲಿ ಹಿಡಿದ ಫ್ಲೈಯನ್ನು ನಾಲ್ಕೈದು ಸೆಕೆಂಡು ಒಡ್ಡಿ. ಬೆರಳು ಆವಿಯಿಂದ ದೂರವಿರಲಿ. ಸುತ್ತುವಾಗ ಮಲಗಿದ್ದ ಎಳೆಗಳು ಕಣ್ಣೆದುರೇ ಎದ್ದು ನಿಲ್ಲುತ್ತವೆ. ಈ ಹಂತ ಬಿಟ್ಟವರು ಸಮವಾಗಿ ಸವರಿದೆವೆಂದುಕೊಳ್ಳುತ್ತಾರೆ, ಮರುದಿನ ಮಲಗಿದ್ದ ಎಳೆಗಳು ಎದ್ದು ಗೂಡಿಗೆ ಜುಟ್ಟು ಬಂದಿರುತ್ತದೆ.

ಮೊದಲ ಕತ್ತರಿ ಕೆಳಭಾಗಕ್ಕೆ, ಗಾಳದ ಮೊನೆಯ ಕಡೆಗೆ. ಅಲಗು ದಂಡಕ್ಕೆ ಸಮಾನಾಂತರವಾಗಿರಲಿ, ಕೆಳಗಡೆ ಬೇರೆಲ್ಲ ಕಡೆಗಿಂತ ಗಿಡ್ಡವಾಗಿ ಸವರಿ. ಗಾಳದ ದಂಡದಿಂದ ಮೊನೆಯವರೆಗಿನ ಬಾಯಗಲದಲ್ಲಿ ಮೂರರಲ್ಲಿ ಎರಡು ಪಾಲಾದರೂ ತೆರವಾಗಿರಬೇಕು. ಅದು ಮುಚ್ಚಿಹೋದರೆ ಮೀನು ಕಚ್ಚಿಯೂ ಗಾಳ ನಾಟುವುದಿಲ್ಲ. ಆಮೇಲೆ ಮೇಲ್ಭಾಗ, ಆಮೇಲೆ ಎರಡು ಪಕ್ಕ. ಇವಕ್ಕೆ ಕತ್ತರಿಯ ಮೊನೆಯನ್ನು ಕಣ್ಣಿನ ಕಡೆಗೆ ಮಾಡಿ, ಮುಂದೆ ಹೋದಂತೆ ಅಲಗು ತುಸು ಹೊರಕ್ಕೆ ವಾಲುವಂತೆ ಹಿಡಿಯಿರಿ. ಹಿಂದೆ ಸಪೂರ, ಮುಂದೆ ದಪ್ಪ ಎಂಬ ಆಕಾರ ಈ ವಾಲಿನಿಂದ ಬರುತ್ತದೆ. ಈಗ ಗೂಡಿಗೆ ನಾಲ್ಕು ಮೂಲೆಗಳಿರುತ್ತವೆ. ಫ್ಲೈಯನ್ನು ತಿರುಗಿಸುತ್ತ ಮೂಲೆಗಳನ್ನು ಸವರಿದರೆ ದುಂಡಗಾಗುತ್ತದೆ.

ಒಂದೇ ಸಲ ಬುಡಕ್ಕೆ ಹೋಗಬೇಡಿ. ಮೊದಲ ಸುತ್ತಿನಲ್ಲಿ ಅರ್ಧ ಉದ್ದ ತೆಗೆಯಿರಿ, ಎರಡನೆಯದರಲ್ಲಿ ಉಳಿದದ್ದರ ಅರ್ಧ. ಪ್ರತಿ ಸುತ್ತಿನ ಮಧ್ಯೆ ಉದುರಿದ ಚೂರನ್ನು ಊದಿ, ಬೆಳಕಿಗೆ ಹಿಡಿದು ಅಂಚನ್ನು ನೋಡಿ. ಕೊನೆಗೆ ಗರಿಯ ದಂಡಿನ ಮೇಲೆ ಎಳೆ ಒಂದು ಮಿಲಿಮೀಟರಿನಷ್ಟು ಉಳಿಯಬೇಕು. ಅದಕ್ಕಿಂತ ಕೆಳಗಿಳಿದರೆ ಕತ್ತರಿ ದಂಡನ್ನೋ ತಂತಿಯನ್ನೋ ಕಡಿಯುತ್ತದೆ. ಎಳೆ ಕತ್ತರಿಸುವಾಗ ಸರ್ ಎಂಬ ಮೆದು ಸದ್ದು ಬರುತ್ತದೆ. ಟಿಕ್ ಎಂದು ಗಟ್ಟಿ ಸದ್ದು ಬಂದರೆ ತಕ್ಷಣ ಕೈ ನಿಲ್ಲಿಸಿ, ಏನು ತುಂಡಾಯಿತೆಂದು ಸೂಜಿಯಿಂದ ಹುಡುಕಿ. ದಂಡು ತುಂಡಾಗಿದ್ದರೆ ಆ ಜಾಗಕ್ಕೆ ಸೂಜಿಮೊನೆಯಷ್ಟು ವಾರ್ನಿಷ್ ಇಳಿಸಿದರೆ ಉಳಿದುಕೊಳ್ಳುತ್ತದೆ.

ಬೆಂಕಿ ತಾಗಿಸಿ ಎಳೆ ಸುಡುವ ಸುಲಭದಾರಿಗೆ ಹೋಗಬೇಡಿ. ಸುಟ್ಟ ಗರಿ ಮುದುಡಿ ಗಂಟುಗಂಟಾಗುತ್ತದೆ, ದಾರವೂ ಸುಡುತ್ತದೆ.

ನನ್ನ ರೂಢಿಯಲ್ಲಿ ಇಲ್ಲಿಯವರೆಗೆ ಐದಾರು ಗಾಳಗಳನ್ನು ಒಟ್ಟಿಗೆ ಮುಗಿಸಿ, ಎಲ್ಲವನ್ನೂ ಒಂದೇ ಕೂರಿಕೆಯಲ್ಲಿ ಸವರುತ್ತೇನೆ. ಮೂರನೆಯದರ ಹೊತ್ತಿಗೆ ಕೈಗೆ ಆಕಾರ ಗೊತ್ತಾಗಿಬಿಡುತ್ತದೆ.

## ಹಂತ 8: ಕುತ್ತಿಗೆ

ಗಾಳವನ್ನು ಮತ್ತೆ ವೈಸಿಗೆ ಹಾಕಿ, ಗೂಡಿನ ಮುಂದೆ ದಾರ ಶುರುಮಾಡಿ. ರೆಕ್ಕೆಗರಿಯ ಮೂರು ನಾಲ್ಕು ಬಿಳಿ ಎಳೆಗಳನ್ನು ತುದಿಯಿಂದ ಕಟ್ಟಿ, ಸಡಿಲವಾಗಿ ಹೊಸೆದು, ಗೂಡಿಗೆ ಒತ್ತಿದಂತೆ ಎರಡೇ ಎರಡು ಸುತ್ತು ಹಾಕಿ ಕಟ್ಟಿ. ಇಷ್ಟೇ. ಗೂಡಿನ ಬಾಯಲ್ಲಿ ಮಸುಕಾದ ಒಂದು ಉಂಗುರ ಕಂಡರೆ ಸಾಕು. ಅಚ್ಚಬಿಳಿ ನೀರಿನಲ್ಲಿ ಕಣ್ಣಿಗೆ ಹೊಡೆಯುತ್ತದೆ ಎನಿಸಿದರೆ ಎಳೆಗಳನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿಕೊಳ್ಳಿ, ಕೆನೆಬಣ್ಣ ಬರುತ್ತದೆ.

## ಹಂತ 9: ಕಾಲುಗಳು

ಕೌಜುಗದ ಗರಿಯಿಂದ ಆರರಿಂದ ಎಂಟು ಎಳೆಗಳನ್ನು, ತುದಿಗಳು ಒಂದೇ ಸಮನಾಗಿ ಇರುವಂತೆ ದಂಡಿಗೆ ಲಂಬವಾಗಿ ಎಳೆದು ಹಿಡಿದು ಕಿತ್ತುಕೊಳ್ಳಿ. ಗಾಳದ ದಂಡದ ಕೆಳಗೆ ಗಡ್ಡದಂತೆ ಹಿಡಿದು, ತುದಿಗಳು ಹಿಂದಕ್ಕೆ ವಾಲುವಂತೆ ಎರಡು ಸಡಿಲ ಸುತ್ತು ಹಾಕಿ, ಉದ್ದ ನೋಡಿ, ಬುಡವನ್ನು ಎಳೆದು ಸರಿಮಾಡಿ, ಆಮೇಲೆ ಬಿಗಿಮಾಡಿ. ತುದಿಗಳು ಗೂಡಿನ ಬಾಯಿಯನ್ನು ಸ್ವಲ್ಪವೇ ದಾಟಬೇಕು, ಗಾಳದ ಮೊನೆಯನ್ನು ಮುಟ್ಟಬಾರದು.

ಇಲ್ಲಿ ಎಲ್ಲರ ಕೈಯೂ ದೊಡ್ಡದಾಗುತ್ತದೆ. ಇಪ್ಪತ್ತು ಎಳೆ ಕಟ್ಟಿದರೆ ಕಾಲು ಕಾಣುವುದಿಲ್ಲ, ಪೊರಕೆ ಕಾಣುತ್ತದೆ. ಎಳೆ ಉದ್ದವಾಗಿದ್ದರೆ ತುದಿ ಕತ್ತರಿಸಿ ಗಿಡ್ಡ ಮಾಡಬೇಡಿ. ಮೊಂಡು ತುದಿಯ ಕಾಲು ನೀರಿನಲ್ಲಿ ಅಲುಗಾಡುವುದಿಲ್ಲ. ಗರಿಯ ತುದಿಗೆ ಹತ್ತಿರದಿಂದ, ಅಲ್ಲಿ ಗಿಡ್ಡವಾಗಿಯೇ ಇರುವ ಎಳೆಗಳನ್ನು ಆರಿಸಿಕೊಳ್ಳಿ.

## ಹಂತ 10: ತಲೆ ಮತ್ತು ಕೊನೆಗಂಟು

ನವಿಲುಗರಿಯ ಎಳೆ ನೋಡಲು ಚೆನ್ನ, ಆದರೆ ಬಲು ನಾಜೂಕು. ಬರಿಯ ಎಳೆ ಸುತ್ತಿದರೆ ಮೊದಲ ಮೀನಿಗೇ ಹರಿಯುತ್ತದೆ. ಎರಡು ಎಳೆಗಳನ್ನು ತುದಿಯಿಂದ ಕಟ್ಟಿ, ದಾರಕ್ಕೇ ಐದಾರು ಸಲ ಹೊಸೆದು, ದಾರದ ಜೊತೆಯಲ್ಲೇ ಮೂರು ನಾಲ್ಕು ಸುತ್ತು ಹಾಕಿ. ಅತಿಯಾಗಿ ಹೊಸೆದರೆ ತುಂಡಾಗುತ್ತದೆ.

ಕಣ್ಣಿನ ಹಿಂದೆ ಕಣ್ಣಿನಷ್ಟೇ ಅಗಲದ ಬರಿ ಜಾಗ ಉಳಿದಿರಬೇಕು. ಅಲ್ಲಿ ಐದು ಸುತ್ತಿನ ಕೊನೆಗಂಟು ಹಾಕಿ, ಬಿಗಿದು, ದಾರ ಕತ್ತರಿಸಿ. ಸೂಜಿಯ ತುದಿಯಲ್ಲಿ ಒಂದು ಹನಿ ವಾರ್ನಿಷ್ ತೆಗೆದುಕೊಂಡು ಗಂಟಿಗೆ ಮಾತ್ರ ತಾಗಿಸಿ. ಎಳೆಗೆ ಹರಡಿದರೆ ತಲೆ ಗಟ್ಟಿ ಗೋಲಿಯಾಗುತ್ತದೆ. ವಾರ್ನಿಷ್ ಕಣ್ಣಿನೊಳಗೆ ಇಳಿದಿದ್ದರೆ, ಹಸಿ ಇರುವಾಗಲೇ ಬಿಸಾಡುವ ಗರಿಯೊಂದನ್ನು ತೂರಿಸಿ ಎಳೆದು ಸ್ವಚ್ಛಗೊಳಿಸಿ.

## ನೀರಿನ ಪರೀಕ್ಷೆ

ವಾರ್ನಿಷ್ ಪೂರ್ತಿ ಆರಿದ ಮೇಲೆ ಗಾಜಿನ ಲೋಟದಲ್ಲಿ ನೀರು ತುಂಬಿ ಫ್ಲೈಯನ್ನು ಬಿಡಿ. ಒಣ ಗರಿಯಲ್ಲಿ ಗಾಳಿ ಸಿಕ್ಕಿರುವುದರಿಂದ ಮೊದಲ ಸಲ ಒಂದು ಕ್ಷಣ ತಡೆದೀತು. ನೀರಿನೊಳಗೆ ಬೆರಳಿನಿಂದ ಗೂಡನ್ನು ಹಿಂಡಿ, ಗುಳ್ಳೆಗಳು ಎದ್ದು ಹೋಗುತ್ತವೆ. ಆಮೇಲೆ ಬಿಟ್ಟರೆ ನೇರ ತಳಕ್ಕೆ ಹೋಗಬೇಕು. ಹಿಂಡಿದ ಮೇಲೂ ತೇಲಿದರೆ ಗರಿ ಬಿರುಸಿನದ್ದು, ಇಲ್ಲವೇ ತೂಕ ಕಡಿಮೆ. ಇಳಿಯುವಾಗ ಗಿರಗಿರ ತಿರುಗಿದರೆ ಗೂಡು ಒಂದು ಪಕ್ಕಕ್ಕೆ ದಪ್ಪವಾಗಿದೆ, ಹೊರತೆಗೆದು ಒಣಗಿಸಿ ಆ ಪಕ್ಕವನ್ನು ಸವರಿ.

ಒದ್ದೆಯಾಗಿರುವಾಗಲೇ ಗೂಡನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿ ನೋಡಿ. ಗಾಳ ಬಿಟ್ಟು ಗೂಡು ಮಾತ್ರ ತಿರುಗಿದರೆ ತೂಕದ ತಂತಿ ಸಡಿಲವಿದೆ. ಆ ಫ್ಲೈಗೆ ಮದ್ದಿಲ್ಲ, ಬ್ಲೇಡಿನಿಂದ ಸೀಳಿ ಗಾಳ ಉಳಿಸಿಕೊಂಡು ಮತ್ತೆ ಕಟ್ಟಬೇಕು. ಒಂದೆರಡು ಉದ್ದ ಎಳೆ ಎದ್ದು ನಿಂತಿದ್ದರೆ ಅವನ್ನು ಕೀಳಬೇಡಿ, ಕತ್ತರಿಸಿ. ಕಿತ್ತರೆ ದಂಡು ಸಡಿಲವಾಗುತ್ತದೆ.

ತೊರೆಯಲ್ಲಿ ಬಳಸುವಾಗಲೂ ಮೊದಲ ಎಸೆತಕ್ಕೆ ಮುಂಚೆ ಫ್ಲೈಯನ್ನು ನೀರಿನೊಳಗೆ ಹಿಂಡಿ ಗಾಳಿ ತೆಗೆಯಿರಿ. ಹುಳು ತಳದ ಕಲ್ಲಿಗೆ ಅಂಟಿಕೊಂಡು ಬದುಕುವಂಥದ್ದು, ಹರಿವಿಗೆ ಸಿಕ್ಕಿ ಕೈತಪ್ಪಿದಾಗ ತಳ ಸವರಿಕೊಂಡೇ ಉರುಳುತ್ತದೆ. ಫ್ಲೈ ಆಗಾಗ ಕಲ್ಲಿಗೆ ತಾಗಿ ತಡೆಯುತ್ತಿದ್ದರೆ ಆಳ ಸರಿಯಿದೆ. ಮನೆಗೆ ಬಂದ ಮೇಲೆ ಡಬ್ಬಿಯ ಮುಚ್ಚಳ ತೆರೆದು ಒಂದು ರಾತ್ರಿ ಒಣಗಲು ಬಿಡಿ. ಒತ್ತೊತ್ತಾದ ಗರಿ ಬೇಗ ಒಣಗುವುದಿಲ್ಲ, ಒದ್ದೆಯಲ್ಲೇ ಮುಚ್ಚಿಟ್ಟರೆ ಹೊರಗೆ ಚೆನ್ನಾಗಿ ಕಾಣುವ ಗೂಡಿನೊಳಗೆ ಗಾಳದ ದಂಡ ತುಕ್ಕು ಹಿಡಿದಿರುತ್ತದೆ.